ಕುಡಿಯದವರ ಹಗೇವು

ಹೋದ ತಿಂಗಳು ಕುಕನೂರಿನಲ್ಲಿ ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿದ್ದ ಇಬ್ಬರು ಮಾತಾಡಿಕೊಳ್ಳುತ್ತಿದ್ದರು.

"ಬಾಟ್ಲಿ ಸಾಹೇಬ್ರು ಹೋದ್ರಂತಲ್ಲೊ."

"ಯಾರು, ಕುಷ್ಟಗಿ ತೋಟಗಾರಿಕಿ ಆಫೀಸಿನ್ಯಾಗ ಇದ್ರಲ್ಲ, ಅವರಾ? ಕುಡದ ಹೋಗಿರಬೇಕು ತಗೊ. ಮನಿ ತುಂಬ ಬಾಟ್ಲಿ ಇಟ್ಕೊಂಡಿದ್ರಂತ."

ನನಗೆ ತಡೆಯಲಾಗಲಿಲ್ಲ. "ಅವರು ಹುಟ್ಟಿದಾಗಿಂದ ಸಾಯೂತನಕ ಒಂದು ಹನಿ ಬಾಯಿಗೆ ಹಚ್ಚಿಲ್ಲ, ತಿಳೀತೇನ್ರಿ?" ಎಂದು ಜೋರಾಗಿಯೇ ಹೇಳಿದೆ. ಇಬ್ಬರೂ ನನ್ನ ಮುಖ ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅರ್ಧ ಕಪ್ಪು ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಬಾಟ್ಲಿ ಸಾಹೇಬರನ್ನು ನಾನು ಮೊದಲು ಕಂಡದ್ದು ಕೊಪ್ಪಳದಲ್ಲಿ, ನಮ್ಮ ಅಬಕಾರಿ ಕಚೇರಿಯಲ್ಲಿ. ನಾನು ಅಲ್ಲಿ ಗುಮಾಸ್ತ. ನಮ್ಮಲ್ಲಿಗೆ ತಾವಾಗಿ ನಡೆದು ಬರುವವರು ಕಡಿಮೆ, ಹೆಚ್ಚಿನವರನ್ನು ನಾವೇ ಕರೆದುಕೊಂಡು ಬರಬೇಕು. ಅಂಥ ಜಾಗಕ್ಕೆ ಒಂದು ಮಧ್ಯಾಹ್ನ ಎತ್ತರದ, ಸಣಕಲು ಮನುಷ್ಯರೊಬ್ಬರು ಬಂದು ನನ್ನ ಮೇಜಿನ ಮುಂದೆ ನಿಂತರು. ಬಿಳಿ ಅರ್ಧ ತೋಳಿನ ಅಂಗಿ, ಕಿಸೆಯಲ್ಲಿ ಬೆಳೆಯ ಹುಳ ನೋಡುವ ಭೂತಗನ್ನಡಿ, ಚಪ್ಪಲಿಯ ತುಂಬ ಕೆಂಪು ಧೂಳು.

"ನನ್ನ ಹತ್ರ ಆರು ಬಾಟ್ಲಿ ವೈನ್ ಅದಾವ್ರಿ. ವರ್ಷಕ್ಕ ಒಂದು ಹೆಚ್ಚಾಗ್ತೈತಿ. ಮನಿಯಾಗ ಎಷ್ಟು ಇಟ್ಕೊಬಹುದು, ಎಷ್ಟಾದ್ರ ಸರ್ಕಾರದ ಅಪ್ಪಣಿ ಬೇಕು, ಸ್ವಲ್ಪ ನೋಡಿ ಹೇಳ್ರಿ" ಎಂದರು.

"ವರ್ಷಕ್ಕ ಒಂದ ಹೆಚ್ಚಾಗ್ತೈತಿ ಅಂದ್ರ, ಕುಡದು ಉಳಿಯೂದು ಒಂದೇನ್ರಿ?" ಎಂದು ಕೇಳಿದೆ.

"ಅಲ್ರಿ. ಒಂದು ತರ್ತೀನಿ, ಒಂದು ಇಡ್ತೀನಿ."

"ಮತ್ತ ಕುಡಿಯೂದು ಯಾವಾಗ?"

"ನಾ ಕುಡಿಯಂಗಿಲ್ರಿ."

ಪೆನ್ನು ಕೆಳಗಿಟ್ಟೆ. ದಿನವಿಡೀ 'ನಾ ಕುಡಿಯಂಗಿಲ್ರಿ' ಎನ್ನುವವರನ್ನೇ ನೋಡುವ ಕೆಲಸ ನಮ್ಮದು, ಆದರೆ ಆ ಮಾತು ಹೇಳುವಾಗ ಅವರ ಬಾಯಿಂದ ಬರುವ ವಾಸನೆಯೇ ಬೇರೆ ಕಥೆ ಹೇಳುತ್ತಿರುತ್ತದೆ. ಇವರ ಬಾಯಿಂದ ಏಲಕ್ಕಿಯ ವಾಸನೆ ಕೂಡ ಬರುತ್ತಿರಲಿಲ್ಲ. ನಮ್ಮ ಕಚೇರಿಯ ಸಾಹೇಬರಿಗೆ ಹೇಳಿ, ನಿಯಮದ ಪುಸ್ತಕ ತೆರೆದು, ಅರ್ಜಿ ಬರೆಸಿಕೊಂಡೆ. 'ಉದ್ದೇಶ' ಎಂಬ ಕಡೆ ಅವರು ದುಂಡಗಿನ ಅಕ್ಷರದಲ್ಲಿ 'ಕಾಯ್ದಿಡುವುದು' ಎಂದು ಬರೆದರು. ನಮ್ಮ ಸಾಹೇಬರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಮೂರನೇ ಸಲ ಓದಿದರು.

ಹೊರಗೆ ಬಂದು ಚಹಾ ಕುಡಿಯುವಾಗ ನಾನೇ ಕೆದಕಿ ಕೇಳಿದೆ. ಅವರು ಮುಚ್ಚಿಡಲಿಲ್ಲ. "ನಮ್ಮ ಮಾವ ಸೆರೆ ಕುಡದು ಸತ್ತವ್ರು. ಮನ್ಯಾಗಿನ ಭಾಂಡೆ ಒಂದೊಂದ ಅಂಗಡಿ ಸೇರಿದ್ವು. ಅತ್ತಿಯವರ ಬಲಗೈ ಮುರದದ್ದು ಕಡೀತನಕ ನೆಟ್ಟಗಾಗಲಿಲ್ಲ. ಲಗ್ನಕ್ಕ ಮೊದಲ ನಮ್ಮಾಕಿ ನನಗ ಒಂದ ಮಾತು ಕೇಳಿದ್ಲು. ಬಾಯಿಗೆ ಹನಿ ತಾಗಸಂಗಿಲ್ಲ ಅಂತ ನಮ್ಮವ್ವನ ಮುಂದ ಆಣಿ ಮಾಡಿದ್ರ ತಾಳಿ ಕಟ್ರಿ, ಇಲ್ಲಾಂದ್ರ ಬ್ಯಾಡ ಅಂದ್ಲು. ಮಾಡೀನಿ." ಅಷ್ಟು ಹೇಳಿ ಬಸಿಯಲ್ಲಿದ್ದ ಚಹಾ ಮುಗಿಸಿದರು.

ಆ ಆಣೆಯಾದ ಹತ್ತಾರು ವರ್ಷಗಳ ನಂತರ ಈ ಬಾಟಲಿಗಳ ಹುಚ್ಚು ಹತ್ತಿತ್ತು. ದ್ರಾಕ್ಷಿ ಬೆಳೆಗಾರರ ತಂಡವೊಂದು ಫ್ರಾನ್ಸಿಗೆ ಹೋದಾಗ ಇಲಾಖೆಯವರು ಇವರನ್ನೂ ಜೊತೆಗೆ ಕಳಿಸಿದ್ದರು. ಅಲ್ಲಿ ಒಂದು ಹೆಸರಾಂತ ತೋಟ. ಅದರ ಹೆಸರು ಅವರ ಬಾಯಲ್ಲಿ ಒಂದು ಸಲವೂ ಸರಿಯಾಗಿ ಹೊರಳಲಿಲ್ಲ, ನನ್ನ ಬಾಯಲ್ಲಂತೂ ಬಿಡಿ. ನಮ್ಮಿಬ್ಬರ ನಡುವೆ ಅದು ಕೊನೆಯವರೆಗೂ 'ಆ ಹೊಲ' ಆಗಿಯೇ ಉಳಿಯಿತು. ಅಲ್ಲಿಯ ಕೆಂಪು ವೈನನ್ನು ದೊಡ್ಡ ದೊಡ್ಡ ಶ್ರೀಮಂತರು ಕೊಂಡು, ಇಪ್ಪತ್ತು ಮೂವತ್ತು ವರ್ಷ ನೆಲಮಾಳಿಗೆಯಲ್ಲಿಟ್ಟು ಕಾಯುತ್ತಾರಂತೆ. ಬೆಳೆಗಾರರೆಲ್ಲ ಕಬ್ಬಿಣದ ದೊಡ್ಡ ಗೇಟಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಇವರು ಬದುವಿನ ಹತ್ತಿರ ಚಪ್ಪಲಿ ಬಿಟ್ಟು ಹೊಲದೊಳಗೆ ಇಳಿದರು. ಹೊಲಕ್ಕೆ ಚಪ್ಪಲಿ ಹಾಕಿಕೊಂಡು ಇಳಿಯುವ ಅಭ್ಯಾಸ ಅವರಿಗೆ ಎಲ್ಲಿಯೂ ಇರಲಿಲ್ಲ, ಫ್ರಾನ್ಸಿನಲ್ಲೂ ಇರಲಿಲ್ಲ. ಕಾಲಿಗೆ ಹರಳು ಚುಚ್ಚಿತು. ಬಗ್ಗಿ ನೋಡಿದರೆ ಗರಸು.

ಗರಸು ಎಂದರೆ ನಮ್ಮ ಕಡೆ ಮಣ್ಣಿಗಿಂತ ಹರಳೇ ಹೆಚ್ಚಿರುವ ನೆಲ. ಇವರ ತಂದೆ ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಕೂಲಿಯಾಳು. ಸರ್ಕಾರದವರು ಎರಡು ಎಕರೆ ಕೊಟ್ಟಾಗ ಅದೂ ಗರಸೇ ಆಗಿತ್ತು. "ಬಿತ್ತಾಕ ಕೊಟ್ಟಾರೊ, ಕಲ್ಲು ಮಾರಾಕ ಕೊಟ್ಟಾರೊ" ಎಂದು ಊರವರು ನಗುತ್ತಿದ್ದರಂತೆ. ಆ ತಂದೆ ಆ ಎರಡು ಎಕರೆಯ ಹರಳು ಆರಿಸುತ್ತಲೇ ಮುದುಕನಾಗಿ ತೀರಿಹೋದರು.

"ಅಲ್ಲಿ ಬಳ್ಳಿ ಕತ್ತರಸೂ ಮುದುಕ ಒಬ್ಬಾಂವ ನನ್ನ ನೋಡಿ ನಕ್ಕ" ಎಂದು ಅವರು ಹೇಳುತ್ತಿದ್ದರು. "ಅವನ ಭಾಷೆ ನನಗ ಬರಂಗಿಲ್ಲ, ನನ್ನ ಭಾಷೆ ಅವಗ ಬರಂಗಿಲ್ಲ. ತನ್ನ ಕೈ ನೆಲದ ಕಡಿ ಉದ್ದ ಚಾಚಿ, ಬೆರಳು ಅಗಲಿಸಿ ತೋರಿಸಿದ. ಬೇರು ಅಷ್ಟು ಆಳ ಇಳೀತಾವ ಅಂತ. ಮ್ಯಾಲ ಸುಖ ಇಲ್ಲಲ್ಲ, ಅದಕ್ಕ ಕೆಳಗ ಹೋಗ್ತಾವ. ನಮ್ಮಪ್ಪನ ಹೊಲದಂಥ ಹೊಲರಿ ಅದು! ಲೋಕದ ಮಂದಿ ಅದರ ಮುಂದ ಟೊಪ್ಪಿಗಿ ತಗದು ನಿಂದರ್ತಾರ. ಅಂಥಾದ್ದು ಒಂದು ನಮ್ಮ ಮನ್ಯಾಗ ಇರ್ಲಿ ಅನಿಸ್ತು." ಇದನ್ನು ಹೇಳುವಾಗ ಪ್ರತಿ ಸಲವೂ ಅವರ ಕೈ ತಾನಾಗಿ ನೆಲದ ಕಡೆ ಚಾಚುತ್ತಿತ್ತು.

ತೋಟದವರು ಇವರಿಗೆ ಪೀಪಾಯಿ ತೋರಿಸಿದರೇ ಹೊರತು ಬಾಟಲಿ ಮಾರಲಿಲ್ಲ. ಪಕ್ಕದ ಪಟ್ಟಣದ ಅಂಗಡಿಯಲ್ಲಿ ಹುಡುಕಿ ಒಂದನ್ನು ಕೊಂಡು, ಧೋತರದಲ್ಲಿ ಸುತ್ತಿ ತಂದರು. ಅದು ಅವರ ಒಂದು ತಿಂಗಳ ಪಗಾರ. ಆಮೇಲೆ ವರ್ಷಕ್ಕೆ ಒಂದರಂತೆ ತರಿಸುವುದು ವ್ರತವಾಯಿತು. ತರುತ್ತಿದ್ದವರು ಗಂಗಾವತಿಯ ಒಬ್ಬ ಅಕ್ಕಿ ಮಿಲ್ಲಿನ ಮಾಲೀಕರು. ವ್ಯಾಪಾರಕ್ಕೆಂದು ಪರದೇಶಕ್ಕೆ ಹೋಗಿಬರುವವರು, ಧಾರಾಳ ಕೈ, ಆದರೆ ಎಲ್ಲದರಲ್ಲೂ ದೊಡ್ಡದು ಬೇಕು. ಒಮ್ಮೆ ಬೇರೆ ತೋಟದ ಬಾಟಲಿ ತಂದುಬಿಟ್ಟರು. ಆ ದಿನ ನಾನೂ ಜೊತೆಗಿದ್ದೆ.

"ನೀವು ಹೇಳಿದ್ದು ಸಿಕ್ಕಲಿಲ್ಲ ಸಾರ್. ಇದು ಅದಕ್ಕಿಂತ ತುಟ್ಟಿದು. ಚೀಟಿ ನೋಡಿ, ಬಂಗಾರದ ಅಕ್ಷರ!"

ಇವರು ಭೂತಗನ್ನಡಿ ತೆಗೆದು ಚೀಟಿ ಓದಿದರು. ಓದಿ, ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟರು. "ಇದು ಮಗ್ಗಲ ಹೊಲದ್ದುರಿ. ಛಲೋನ ಇರಬೇಕು. ಆದ್ರ ನನಗ ಒಂದ ಹೊಲದ್ದ ಬೇಕು. ಹೊಲ ಬದಲಾತಂದ್ರ, ರುಚಿ ಬದಲಾದದ್ದು ಹೊಲದಿಂದೋ ಮಳಿಯಿಂದೋ ಹೆಂಗ ಗೊತ್ತಾಗಬೇಕು?"

ರುಚಿ ನೋಡದ ಮನುಷ್ಯ ರುಚಿಯ ಬಗ್ಗೆ ಹೀಗೆ ವಾದ ಮಾಡುವುದನ್ನು ಕೇಳಿ ಮಿಲ್ಲಿನವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆದರೆ ಇವರ ಒಂದು ನೋಟುಪುಸ್ತಕವನ್ನು ನೋಡಿದ್ದರೆ ಮಿಲ್ಲಿನವರೂ ಸುಮ್ಮನಾಗುತ್ತಿದ್ದರು. ಎಡಗಡೆಯ ಪುಟದಲ್ಲಿ ಕುಷ್ಟಗಿಯ ಆ ವರ್ಷದ ಮಳೆ, ಬಿಸಿಲು, ಗಾಳಿ. ಬಲಗಡೆಯ ಪುಟದಲ್ಲಿ 'ಆ ಹೊಲ'ದ ಅದೇ ವರ್ಷದ ಸಂಗತಿ: ಚಿಗುರಿನ ಹೊತ್ತಿಗೆ ಆಲಿಕಲ್ಲು ಬಿತ್ತೇ, ಹೂವಿನ ಹೊತ್ತಿಗೆ ಮೋಡ ಕವಿಯಿತೇ, ಕೊಯ್ಲಿಗೆ ಮಳೆ ಹಿಡಿಯಿತೇ. ಎಲ್ಲೆಲ್ಲಿಂದಲೋ ಓದಿ ಬರೆದುಕೊಳ್ಳುತ್ತಿದ್ದರು. ನನಗೆ ಪುಸ್ತಕ ಓದುವವರನ್ನು ಕಂಡರೆ ಸ್ವಲ್ಪ ಅಲರ್ಜಿ. ಆದರೂ ಆ ನೋಟುಪುಸ್ತಕವನ್ನು ಒಂದು ರವಿವಾರ ಪೂರ್ತಿ ಕೂತು ಓದಿದ್ದೇನೆ.

ಕಾಯುವುದು ಅವರ ಕಸುಬಿನಲ್ಲೇ ಇತ್ತು. ಹನುಮಸಾಗರದ ಹತ್ತಿರ ಒಬ್ಬ ರೈತ ದಾಳಿಂಬೆ ಗಿಡಗಳನ್ನು ಕಿತ್ತೊಗೆಯಲು ಜೆಸಿಬಿ ತರಿಸಿಬಿಟ್ಟಿದ್ದ. ಇವರು ಹೋಗಿ ಬದುವಿನ ಮೇಲೆ ಕೂತರು. ಒಂದೊಂದೇ ಗಿಡದ ಬುಡ ಕೆದರಿ, ಬೇರು ಮೂಸಿ, ಮಣ್ಣು ಮುಚ್ಚಿದರು. ಮಧ್ಯಾಹ್ನದ ಊಟದ ಹೊತ್ತಾಯಿತು. ಜೆಸಿಬಿಯವನು ಸಾಕಾಗಿ ಹೊರಟುಹೋದ. ಆಗ ಎದ್ದು ನಿಂತು, "ಬೇರು ಇನ್ನೂ ಜೀವ ಹಿಡದಾವ. ಒಂದು ಹಂಗಾಮು ನೀರು ಕಡಿಮಿ ಕೊಡ್ರಿ, ಅವಸರ ಮಾಡಬ್ಯಾಡ್ರಿ" ಎಂದರು. ಆ ಗಿಡಗಳು ಇಂದಿಗೂ ಫಲ ಕೊಡುತ್ತಿವೆ. ಆ ರೈತ ತನ್ನ ಮಗನಿಗೆ ಇವರ ಹೆಸರನ್ನೇ ಇಟ್ಟಿದ್ದಾನೆ.

ಬಾಟಲಿಗಳನ್ನು ಅವರು ಇಡುತ್ತಿದ್ದದ್ದು ಹಗೇವಿನಲ್ಲಿ. ಹಿಂದೆ ಜೋಳ ತುಂಬಿಡಲು ಅಂಗಳದಲ್ಲಿ ಬಾವಿಯಂತೆ ತೋಡುತ್ತಿದ್ದ ಆ ನೆಲದ ಕಣಜ ಈಗ ಎಷ್ಟೋ ಊರುಗಳಲ್ಲಿ ಮುಚ್ಚಿಹೋಗಿದೆ. ಕುಷ್ಟಗಿಯ ಹತ್ತಿರದ ಹಳ್ಳಿಯಲ್ಲಿ ಅವರು ಕೊಂಡ ಹಳೆಯ ಮನೆಯಲ್ಲಿ ಅಂಥದ್ದೊಂದು ಉಳಿದಿತ್ತು. ಮೇಲೆ ಮೊಟ್ಟೆ ಬೇಯುವಂಥ ಬಿಸಿಲಿದ್ದರೂ ಕೆಳಗೆ ತಂಪು. ಬಾಯಿಯ ಕಲ್ಲು ಸರಿಸಿದ ಕೂಡಲೇ ಇಳಿಯುವಂತಿಲ್ಲ. ಒಳಗೆ ಕೆಟ್ಟ ಗಾಳಿ ಕಟ್ಟಿರುತ್ತದೆ. ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕು. ಜೋಳದ ಕಣಿಕೆ ಹಾಸಿ, ಬಾಟಲಿಗಳನ್ನು ಅಡ್ಡ ಮಲಗಿಸಿ, ಸುತ್ತ ಹಸಿ ಗೋಣಿಚೀಲ ಹೊದಿಸಿದ್ದರು. ಅಡ್ಡ ಮಲಗಿಸದಿದ್ದರೆ ಬೂಚು ಒಣಗಿ ಗಾಳಿ ಹೊಕ್ಕುಬಿಡುತ್ತದಂತೆ. ಒಂದು ಉಷ್ಣಮಾಪಕವನ್ನೂ ತೂಗುಹಾಕಿದ್ದರು. "ಅವರ ನೆಲಮಾಳಿಗಿ ಇದಕ್ಕಿಂತ ತಂಪು ಐತ್ರಿ" ಎಂದು ಪ್ರತಿ ಬೇಸಿಗೆಯಲ್ಲೂ ಅವರ ಮುಖ ಸಣ್ಣಗಾಗುತ್ತಿತ್ತು. ಕಂಡವರ ತೋಟದ ರೋಗವನ್ನು ಒಂದು ಎಲೆ ನೋಡಿ ಹೇಳುವ ಮನುಷ್ಯನಿಗೆ ತನ್ನ ಬಾಟಲಿಗಳು ಬದುಕಿವೆಯೋ ಕೆಟ್ಟಿವೆಯೋ ಎಂದು ತಿಳಿಯುವ ದಾರಿಯೇ ಇರಲಿಲ್ಲ. ತಿಳಿಯಬೇಕೆಂದರೆ ಕುಡಿಯಬೇಕು, ಕುಡಿದರೆ ಆಣೆ ಮುರಿಯುತ್ತದೆ.

ಅವರ ಹೆಂಡತಿಯನ್ನು ನಾನು ಅಕ್ಕಾರ ಎಂದು ಕರೆಯುತ್ತಿದ್ದೆ. ಗಿಡ್ಡ ದೇಹ, ಗಟ್ಟಿ ದನಿ. ಹಗೇವಿನ ಕಡೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. ಕಸ ಗುಡಿಸುವಾಗ ಅದರ ಸುತ್ತ ಒಂದು ಮೊಳ ಜಾಗ ಬಿಟ್ಟೇ ಗುಡಿಸುತ್ತಿದ್ದರು. ಗಂಡನಿಗೆ ಎದುರಾಡಲಿಲ್ಲ, ಒಪ್ಪಿಯೂ ಇರಲಿಲ್ಲ.

ಅವರು ನಿವೃತ್ತರಾಗಿ ಹದಿನಾಲ್ಕನೆಯ ಬಾಟಲಿ ಇಟ್ಟ ವರ್ಷ ಇದು ನಡೆಯಿತು. ದಸರೆಯ ಮಾನವಮಿಯ ಮುಂದೆ ನಮ್ಮ ಕಡೆ ಮನೆಯಲ್ಲಿ ತೊಳೆಯದೆ ಉಳಿಯುವ ವಸ್ತು ಇಲ್ಲ. ಕೌದಿ, ಭಾಂಡೆ, ಬಾಗಿಲು, ಬೀಸುವ ಕಲ್ಲು, ಎಲ್ಲ. ಇವರು ಗಂಗಾವತಿಗೆ ಹೋಗಿದ್ದರು. ಅಕ್ಕ ಕೆಲಸದವಳನ್ನು ಇಳಿಸಿ ಹಗೇವು ಬಳಿಸಿದರು. ಬಾಟಲಿಗಳನ್ನೂ ಮೇಲೆ ತರಿಸಿದರು. ವರ್ಷಗಳ ಧೂಳು, ಬೂಷ್ಟು. ಹಬ್ಬದ ದಿನ ಅಂಥದ್ದನ್ನು ಮನೆಯಲ್ಲಿ ಇಡುವುದುಂಟೇ? ನೀರಲ್ಲಿ ನೆನೆಹಾಕಿ, ಬೂದಿ ಹುಣಸೆ ಹಚ್ಚಿ, ತೆಂಗಿನ ನಾರಿನಿಂದ ಫಳಫಳ ಹೊಳೆಯುವಂತೆ ತಿಕ್ಕಿದರು. ಹದಿನಾಲ್ಕು ಚೀಟಿಯೂ ಬಚ್ಚಲಲ್ಲಿ ಹರಿದುಹೋದವು. ಆಮೇಲೆ ಬಾಟಲಿಗಳನ್ನು ಅಂಗಳದಲ್ಲಿದ್ದ ಹಗ್ಗದ ಹೊರಸಿನ ಮೇಲೆ ಸಾಲಾಗಿ ನಿಲ್ಲಿಸಿ, ಮಧ್ಯಾಹ್ನದವರೆಗೆ ಬಿಸಿಲಿಗೆ ಒಣಹಾಕಿದರು.

ನಾನು ಹಬ್ಬದ ಮುಂದೆ ಮಾತಾಡಿಸಿಕೊಂಡು ಬರಲು ಹೋದವನು, ದಾರಿಯಲ್ಲಿ ಸಿಕ್ಕ ಇವರ ಜೊತೆಗೇ ಅಂಗಳ ಹೊಕ್ಕೆ. ಹೊರಸನ್ನು ಕಂಡು ಇವರು ಒಂದು ಗಳಿಗೆ ನಿಂತರು. ಅಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು, "ನಿಮ್ಮ ಸಾಮಾನ ಅಂತ ನಾನ ತೊಳದೀನ್ರಿ, ಆಕಿ ಕೈಗೆ ಕೊಡಲಿಲ್ಲ" ಎಂದರು. ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ ಅವುಗಳನ್ನು ಅವರು ಕೈಯಿಂದ ಮುಟ್ಟಿದ್ದರು.

"ಛಲೋ ತೊಳದಿ. ಮಿಂಚಾಕ ಹತ್ಯಾವ" ಎಂದರು ಇವರು. ಒಂದೊಂದನ್ನೇ ನೆರಳಿಗೆ ಎತ್ತಿಟ್ಟರು. ಅಷ್ಟೇ. ನಾನಾಗಿದ್ದರೆ ಆ ಓಣಿಯೇ ಕೇಳುವಂತೆ ಕೂಗಾಡುತ್ತಿದ್ದೆ. ನನ್ನ ಹೆಂಡತಿ ನನಗಿಂತ ಜೋರಾಗಿ ಕೂಗಾಡುತ್ತಿದ್ದಳು ಎನ್ನುವುದು ಬೇರೆ ಮಾತು.

ಕೆಡಿಸಿದವನು ನಾನು. ಅವರು ಕೈಕಾಲು ತೊಳೆಯಲು ಹೋದಾಗ ನನ್ನ ಹರಕು ಬಾಯಿ ಸುಮ್ಮನಿರಲಿಲ್ಲ. ಚೀಟಿ ಹೋದರೆ ಯಾವ ವರ್ಷದ್ದು ಯಾವುದೆಂದು ತಿಳಿಯುವುದಿಲ್ಲ, ಬಿಸಿಲು ಬಡಿದರೆ ಒಳಗಿನದು ಹುಳಿ ತಿರುಗಬಹುದು ಎಂದು ಅಕ್ಕನಿಗೆ ಹೇಳಿಬಿಟ್ಟೆ. ಅವರ ಮುಖ ಬೂದಿಯಾಯಿತು. ಆ ಹಬ್ಬದಲ್ಲಿ ಅವರು ಊಟ ಮಾಡಲಿಲ್ಲವೆಂದು ಆಮೇಲೆ ತಿಳಿಯಿತು.

ಎಂಟು ದಿನಕ್ಕೆ ಫೋನು ಬಂತು. ಮಾತಾಡಿದವರು ಅಕ್ಕ. "ಅಣ್ಣಾರ, ನೀವು ಸೆರೆ ಆಫೀಸಿನ್ಯಾಗ ಇದ್ದವ್ರು. ಬಾಟ್ಲಿ ತೆಗಿಯೂದು ನಿಮಗ ಗೊತ್ತಿರಬೇಕು. ನಾಳಿ ಬರ್ರಿ." ನಾನು ಜೀವನದಲ್ಲಿ ತೆಗೆದದ್ದೆಲ್ಲ ತಿರುಚಿದರೆ ಬಿಚ್ಚುವ ಮುಚ್ಚಳಗಳು. ಬೂಚು ತೆಗೆಯುವ ಸಾಮಾನು ಕುಷ್ಟಗಿಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಕೊನೆಗೆ ಬಡಿಗೇರನ ಹತ್ತಿರ ಒಂದು ಉದ್ದ ಸ್ಕ್ರೂ, ಒಂದು ಇಕ್ಕಳ ಇಸಿದುಕೊಂಡು ಹೋದೆ.

ಪಡಸಾಲೆಯಲ್ಲಿ ಒಂದು ಬಾಟಲಿಯನ್ನು ಹಿಂದಿನ ದಿನದಿಂದಲೇ ನೆಟ್ಟಗೆ ನಿಲ್ಲಿಸಿದ್ದರು, ಗಸಿ ಕೆಳಗೆ ಕೂರಲೆಂದು. ಇವರು ಮಾತ್ರ ಗೋಡೆಗೆ ಒರಗಿ, "ಬ್ಯಾಡ ಅಂದ್ರ ಕೇಳವಲ್ಲಳು. ಕೆಟ್ಟಿದ್ರ ಕೆಟ್ಟಾವು, ತಿಳ್ಕೊಂಡು ಏನ್ ಮಾಡೂದೈತಿ" ಎನ್ನುತ್ತಿದ್ದರು. ಅವರಿಗೆ ಹೆದರಿಕೆಯಾಗಿತ್ತು. ಅಂಥ ಮನುಷ್ಯ ಹೆದರಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಸ್ಕ್ರೂ ತಿರುವಿ, ಇಕ್ಕಳದಲ್ಲಿ ಹಿಡಿದು, ಬಾಟಲಿಯನ್ನು ಕಾಲ ನಡುವೆ ಒತ್ತಿ ಎಳೆದೆ. ಬೂಚು ಇಡಿಯಾಗಿ ಬಂತು. ಅದರ ಮೇಲೆ ವರ್ಷ ಅಚ್ಚಾಗಿತ್ತು. ಇವರು ಭೂತಗನ್ನಡಿ ಹಿಡಿದು ಓದಿ, "ಕೊಯ್ಲಿಗೆ ಮಳಿ ಹಿಡದ ವರ್ಷ. ಎಲ್ಲಾದಕ್ಕಿಂತ ಸಪ್ಪ ವರ್ಷ ಇದ" ಎಂದರು. ದನಿ ಇಳಿದುಹೋಗಿತ್ತು.

ಸ್ಟೀಲಿನ ಲೋಟಕ್ಕೆ ಸುರಿದು ಮೊದಲು ನಾನು ಕುಡಿದೆ. ಅವರು ನನ್ನ ಗಂಟಲನ್ನೇ ನೋಡುತ್ತಿದ್ದರು.

"ಹೆಂಗೈತ್ರಿ?"

"ಛಲೋ ಐತ್ರಿ."

"ಛಲೋ ಅಂದ್ರ? ಹುಳಿ ತಿರಿಗೈತೊ? ಹಣ್ಣಿನ ವಾಸನಿ ಉಳದೈತೊ? ನುಂಗಿದ ಮ್ಯಾಲ ಬಾಯಾಗ ಏನ್ ನಿಂದರ್ತೈತಿ?"

ನಾನು ತಬ್ಬಿಬ್ಬಾದೆ. ಮೂವತ್ತು ವರ್ಷ ರಮ್ಮು ಕುಡಿದ ನಾಲಗೆ ಅದು. "ಒಗರು ಐತ್ರಿ… ಛಲೋನ ಐತ್ರಿ" ಎಂದು ತೊದಲಿದೆ. ಅವರು ಕಣ್ಣು ಮುಚ್ಚಿಕೊಂಡರು. ನನ್ನ ಮೇಲೆ ನನಗೇ ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

"ಇಲ್ಲಿ ಕೊಡ್ರಿ" ಎಂದು ಅಕ್ಕ ಕೈ ಚಾಚಿದರು.

ಇವರು ಗೋಡೆ ಬಿಟ್ಟು ಎದ್ದು ಕೂತರು. "ಏ, ಏನ್ ಮಾಡಾಕ ಹತ್ತಿದಿ?"

"ಆಣಿ ನೀವು ಮಾಡೀರಿ. ನಾ ಮಾಡಿಲ್ಲ. ನನ್ನ ಯಾರೂ ಕೇಳೂ ಇಲ್ಲ."

ಆ ಊರಲ್ಲಿ ಹಿಡಿ ಜೋಳ ಮೂಸಿ ಅದು ಎಷ್ಟು ವರ್ಷದ್ದು, ಯಾವ ಹೊಲದ್ದು ಎಂದು ಹೇಳುವ ಹೆಣ್ಣುಮಗಳು ಅವರೊಬ್ಬರೇ ಎಂಬುದನ್ನು ಇಲ್ಲಿ ಹೇಳಬೇಕು. ಲೋಟವನ್ನು ಮೂಗಿನ ಹತ್ತಿರ ಹಿಡಿದರು. ಅಪ್ಪ ಸತ್ತ ಮೇಲೆ ಅಂಥ ಲೋಟವನ್ನು ಅವರು ಅಷ್ಟು ಹತ್ತಿರ ತಂದಿರಲಿಲ್ಲ. ಒಂದು ಗುಟುಕು ತೆಗೆದುಕೊಂಡು, ಬಾಯಿ ಮುಚ್ಚಿ, ಹಾಗೇ ಕೂತರು. ಆಮೇಲೆ ಇನ್ನೊಂದು ಗುಟುಕು. ಅಡುಗೆಗೆ ಉಪ್ಪು ಸಾಕೋ ಬೇಕೋ ಎಂದು ನೋಡುವ ಮುಖ.

"ಮೊದಲ ಒಗರು. ನೇರಳಿ ಹಣ್ಣು ತಿಂದಂಗ ನಾಲಗಿ ಹಿಡೀತೈತಿ" ಎಂದರು ನಿಧಾನಕ್ಕೆ. "ಆಮ್ಯಾಲ ಬಿಡತೈತಿ. ಬಿಟ್ಟ ಮ್ಯಾಲ ಒಂದು ವಾಸನಿ ಬರತೈತಿ… ಹಳೀ ಕಟಗಿ ಪೆಟಗಿ ತೆಗದಂಗ. ಹುಳಿ ಐತಿ, ಆದ್ರ ಕೆಟ್ಟ ಹುಳಿ ಅಲ್ಲ. ಹುಣಸಿ ಹೊಸಾದು ಇದ್ದಾಗ ಇರತೈತಲ್ಲ, ಅಷ್ಟ. ಕೆಟ್ಟಿಲ್ರಿ. ಇದು ಕೆಟ್ಟಿಲ್ಲ."

ಇವರು ಧೋತರದ ಚುಂಗಿನಿಂದ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಸಪ್ಪೆ ವರ್ಷದ್ದೇ ಉಳಿದಿದೆಯೆಂದರೆ ಉಳಿದವು ಬದುಕಿವೆ ಎಂದು ಅವರಿಗೆ ತಿಳಿದಿತ್ತು.

ಅಕ್ಕ ಲೋಟದೊಳಗೆ ನೋಡುತ್ತಲೇ ಕೂತಿದ್ದರು. "ನಾ ಅಂಜಿದ್ನಿ. ಇದರಾಗ ನಮ್ಮಪ್ಪ ಇದ್ದಾನು ಅಂತ" ಎಂದರು. "ಇಲ್ರಿ. ಇದರಾಗ ನಮ್ಮಪ್ಪ ಇಲ್ಲ." ಆಮೇಲೆ ಲೋಟವನ್ನು ಗಂಡನ ಮುಂದೆ ಸರಿಸಿದರು. "ಆಣಿ ಬಿಡಿಸೀನಿ. ನೀವೂ ಒಂದು ಗುಟುಕು ತಗೊಳ್ರಿ."

ಅವರು ಲೋಟ ಎತ್ತಿ ಮೂಸಿದರು. ಬಹಳ ಹೊತ್ತು ಮೂಸಿದರು. ಕುಡಿಯಲಿ ಎಂದು ನನಗೆ ಆಸೆಯಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅವರು ಅದನ್ನು ಅಕ್ಕನ ಕೈಗೇ ಮರಳಿ ಕೊಟ್ಟರು.

"ನಿಮ್ಮವ್ವನ ಮುಂದ ಮಾಡಿದ್ದದು. ಬಿಡಸಾಕ ಆಕಿ ಇಲ್ಲ" ಎಂದರು. "ನೀ ಹೇಳು. ನೀ ಹೇಳಿದ್ದ ಸಾಕು ನನಗ. ಇನ್ನೊಮ್ಮಿ ಹೇಳು, ಆ ನೇರಳಿ ಹಣ್ಣಿಂದು."

ಪಿಂಚಣಿಯ ದುಡ್ಡಿನಲ್ಲಿ ಹೊಸ ಬಾಟಲಿ ತರಿಸುವುದು ನಿಂತಿತು, ಆದರೆ ಆಮೇಲೆ ಪ್ರತಿ ಮಾನವಮಿ ಮುಗಿದ ಮೇಲೆ ಒಂದು ಬಾಟಲಿ ತೆಗೆಯುವುದು ರೂಢಿಯಾಯಿತು. ಅಕ್ಕ ಒಂದು ಲೋಟ ಕುಡಿಯುವರು, ಹೇಳುವರು. ಇವರು ಕಣ್ಣು ಮುಚ್ಚಿ ಕೇಳುವರು, ನಡುನಡುವೆ ಪ್ರಶ್ನೆ ಕೇಳುವರು, ಒಮ್ಮೊಮ್ಮೆ ಇಬ್ಬರಿಗೂ ಜಗಳವೇ ಆಗುವುದು. ಉಳಿದದ್ದು ಯಾರ ಪಾಲಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಾನು ನೂರಾರು ಕುಡಿಯುವ ಮನೆಗಳನ್ನು ನೋಡಿದ್ದೇನೆ. ಗಂಡ ಹೆಂಡತಿ ಎದುರುಬದುರು ಕೂತು ಅಷ್ಟು ಸುಖವಾಗಿ ಮಾತಾಡಿದ್ದನ್ನು ಬೇರೆಲ್ಲೂ ಕಂಡಿಲ್ಲ.

ನಾಲ್ಕು ಮಾನವಮಿ ಹಾಗೆ ಕಳೆದವು. ಈ ವರ್ಷದ್ದು ಬರುವ ಮೊದಲೇ ಅವರು ಹೋದರು. ಜ್ವರವೆಂದು ಮಲಗಿದವರು ಮೂರನೆಯ ದಿನಕ್ಕೆ ಇಲ್ಲ.

ದಿವಸದ ಕಾರ್ಯ ಮುಗಿದ ಮೇಲೆ ಹೋಗಿ ಅಕ್ಕನನ್ನು ಕಂಡೆ. ಅಳು ಮುಗಿದಿತ್ತು. ನನಗೆ ಚಹಾ ಕೊಟ್ಟು, ಅಂಗಳದಲ್ಲಿ ಹಗೇವಿನ ಕಲ್ಲಿನ ಮೇಲೆ ಕೂತರು. ನಾನು ಬಾಟಲಿಗಳ ಸುದ್ದಿ ತೆಗೆದೆ. ಬೇಡವಾದರೆ ಗಂಗಾವತಿಯ ಮಿಲ್ಲಿನವರಿಗೆ ಹೇಳಿ ಸಾಗಿಸುವ ವ್ಯವಸ್ಥೆ ಮಾಡಿಸುತ್ತೇನೆ ಎಂದೆ.

"ಒಂಬತ್ತು ಅದಾವ ಇನ್ನ" ಎಂದರು ಅಕ್ಕ. "ಕುಡ್ಯಾಕ ಬರತೈತ್ರಿ ಅಣ್ಣಾರ, ಅದೇನ್ ದೊಡ್ಡದಲ್ಲ. ಕುಡದು ಯಾರ ಮುಂದ ಹೇಳ್ಲಿ?"